ಕಾಂಡದ ಮರೆಯ ಮರಕುಟಿಗ

ತೆಂಗು, ಮಾವು ಬೆಳೆದ ಕರ್ನಾಟಕದ ಹಿತ್ತಿಲುಗಳಲ್ಲಿ ಹೊಂಬೆನ್ನಿನ ಮರಕುಟಿಗ ಅಪರೂಪದ ಹಕ್ಕಿಯೇನಲ್ಲ. ಆದರೂ ಅದರ ಕೂಗನ್ನು ದಿನವೂ ಕೇಳುವವರಲ್ಲಿ ಅದನ್ನು ಕಣ್ತುಂಬ ಕಂಡವರು ಕಡಿಮೆ. ಪ್ರಕೃತಿವಿಜ್ಞಾನಿ ಲಿನೇಯಸ್ 1758ರಲ್ಲಿ ವಿವರಿಸಿದ, ಇಂದು ಡೈನೋಪಿಯಂ ಬೆಂಗಾಲೆನ್ಸ್ ಎಂಬ ವೈಜ್ಞಾನಿಕ ಹೆಸರಿರುವ, 26ರಿಂದ 29 ಸೆಂ.ಮೀ. ಉದ್ದದ ಈ ಹಕ್ಕಿಗೆ ಬಂಗಾರದ ಬೆನ್ನೂ ಕೆಂಪು ಜುಟ್ಟೂ ಇದ್ದರೂ, ಮನುಷ್ಯನ ಸುಳಿವು ಸಿಕ್ಕೊಡನೆ ಕಾಂಡದ ಆಚೆ ಬದಿಗೆ ಸರಿದು ನಿಲ್ಲುವುದರಿಂದ ಆ ಬಣ್ಣವೆಲ್ಲ ನೋಡುವವನ ಪಾಲಿಗೆ ಇಲ್ಲದಂತೆಯೇ.

ಇದರ ಚಿತ್ರ ತೆಗೆಯುವವನಿಗೆ ಕಣ್ಣಿಗಿಂತ ಮೊದಲು ಕಿವಿ ಬೇಕು. ಕುದುರೆಯ ಕೆನೆತವನ್ನು ಚುರುಕಾಗಿಸಿದಂತಿರುವ ಕೂಗನ್ನು ಅದು ಹಾರುವಾಗಲೂ ಹಾಕುವುದರಿಂದ, ದನಿ ನಿಂತ ದಿಕ್ಕಿನ ಮರಗಳಲ್ಲಿ ಕಾಂಡದ ಕೆಳಭಾಗವನ್ನು ಹುಡುಕುವುದು ಲೇಸು. ಏಕೆಂದರೆ ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಚಾಚಿದ ಪಾದ ಮತ್ತು ಊರುಗೋಲಿನಂತೆ ತೊಗಟೆಗೆ ಒತ್ತಿಕೊಳ್ಳುವ ಸೆಟೆದ ಬಾಲ, ಇವೆರಡೂ ಮೇಲಕ್ಕೆ ಏರಲೆಂದೇ ಹೊಂದಿಕೊಂಡಿದ್ದು, ಹಕ್ಕಿ ಸಾಮಾನ್ಯವಾಗಿ ತಗ್ಗಿನಲ್ಲಿ ಇಳಿದು, ಕಾಂಡವನ್ನು ಸುತ್ತುತ್ತ ಕುಪ್ಪಳಿಸಿ ಏರುತ್ತದೆ. ಹಾಗಾಗಿ ಹಕ್ಕಿ ಮರೆಯಾದಲ್ಲಿಗೆ ಓಡುವುದಕ್ಕಿಂತ, ಅದು ಮತ್ತೆ ಹೊರಬರಬಹುದಾದ, ತುಸು ಮೇಲಿನ ಜಾಗಕ್ಕೆ ಕ್ಯಾಮೆರಾ ಹಿಡಿದು ಅಲುಗದೆ ಕಾಯುವುದೇ ಸರಿಯಾದ ತಂತ್ರ.

ಕುಟುಕುವ ಕ್ಷಣವನ್ನು ಸೆರೆಹಿಡಿಯಲು ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಕದ, ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ವೇಗವಾಗಿರಬೇಕು. ಎಲೆಗಳ ನೆರಳಲ್ಲಿ ಇದು ಸುಲಭವಲ್ಲ. ಆ ಪೆಟ್ಟಿನ ಆಘಾತವನ್ನು ತಲೆಬುರುಡೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ ಎಂಬುದು ಬಹುಕಾಲದ ನಂಬಿಕೆಯಾಗಿದ್ದು, ಪಠ್ಯಗಳಲ್ಲೂ ನೆಲೆಯೂರಿತ್ತು. ಆದರೆ ಸಂಶೋಧಕ ಸ್ಯಾಮ್ ವಾನ್ ವಾಸನ್‌ಬರ್ಗ್ ಮತ್ತು ಸಂಗಡಿಗರು ಬೇರೆ ಮೂರು ಪ್ರಭೇದದ ಮರಕುಟಿಗಗಳ ಅತಿವೇಗದ ವಿಡಿಯೊ ಪರಿಶೀಲಿಸಿ, ತಲೆ ಗಡುಸಾದ ಸುತ್ತಿಗೆಯಂತೆಯೇ ಕೆಲಸ ಮಾಡುತ್ತದೆಂದೂ, ಮಿದುಳು ಚಿಕ್ಕದಾಗಿರುವುದೇ ಅದನ್ನು ಕಾಯುತ್ತದೆಂದೂ 2022ರಲ್ಲಿ ತೋರಿಸಿದರು. ಆಘಾತ ಹೀರುವ ಸುತ್ತಿಗೆಯಿಂದ ಮೊಳೆ ಹೊಡೆಯಲಾಗದು ಎಂಬುದನ್ನು ಬಡಗಿಯಾದರೂ ಹೇಳುತ್ತಿದ್ದ.

ಗಂಡಿನ ನೆತ್ತಿ ಪೂರ್ತಿ ಕೆಂಪು, ಹೆಣ್ಣಿನ ಮುನ್ನೆತ್ತಿ ಬಿಳಿ ಚುಕ್ಕೆಗಳ ಕಪ್ಪು. ಇದು ಯಾವ ಚಿತ್ರದಲ್ಲೂ ತಿಳಿಯುತ್ತದೆ. ಪ್ರಭೇದದ ಗುರುತಿಗೆ ಮಾತ್ರ ಗಂಟಲಿನ ಬಿಳಿ ಚುಕ್ಕೆಗಳ ಕಪ್ಪೂ, ಪೃಷ್ಠದ, ಅಂದರೆ ಬಾಲದ ಬುಡದ ಮೇಲ್ಭಾಗದ ಕಪ್ಪೂ ಬೇಕು. ಪಶ್ಚಿಮ ಘಟ್ಟದ ಕಾಡುಗಳ ಇತರ ಹೊಂಬೆನ್ನಿನ ಮರಕುಟಿಗಗಳಲ್ಲಿ ಈ ಪೃಷ್ಠ ಕೆಂಪು. ಕುಳಿತ ಹಕ್ಕಿಯ ರೆಕ್ಕೆಗಳು ಅದನ್ನು ಬಹುಪಾಲು ಮುಚ್ಚಿಬಿಡುವುದರಿಂದ, ಕೆಟ್ಟಿತೆಂದು ಅಳಿಸಿಹಾಕುವ, ಹಕ್ಕಿ ಮರ ಬಿಟ್ಟು ಹಾರುವ ಗಳಿಗೆಯ ಮಸುಕು ಚಿತ್ರದಲ್ಲೇ ಅದು ಸ್ಪಷ್ಟವಾಗಿ ಕಾಣಿಸುವುದುಂಟು.