ಕೊಂಡ ತಂತ್ರಾಂಶದ ಒಡೆಯರಾರು?

ನರಗುಂದದ ಪೇಟೆಯಲ್ಲಿ ಪುಸ್ತಕವೊಂದನ್ನು ಕೊಂಡ ವಿದ್ಯಾರ್ಥಿಯು ಅದನ್ನು ಓದಬಹುದು, ವರ್ಷ ಮುಗಿದ ಮೇಲೆ ಕಿರಿಯನೊಬ್ಬನಿಗೆ ಅರ್ಧ ಬೆಲೆಗೆ ಮಾರಲೂಬಹುದು. ಆದರೆ ಅದನ್ನೇ ಅಚ್ಚು ಹಾಕಿಸಿ ಹಂಚಲಾಗದು. ಗಣಕಯಂತ್ರದ ತಂತ್ರಾಂಶವನ್ನು ಕೊಂಡವನ ಅಧಿಕಾರವೆಷ್ಟು?

ಲೋಲಕದ ಆವರ್ತಕಾಲವನ್ನು ಗಣಿಸುವ ಕ್ರಮವಿಧಿಯೊಂದನ್ನು ನಾವು ಬರೆದೆವೆನ್ನೋಣ. ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸು, ವರ್ಗಮೂಲ ತೆಗೆ, 2 ಪೈಯಿಂದ ಗುಣಿಸು ಎಂಬಂಥ, ಮನುಷ್ಯನು ಓದಬಲ್ಲ ಈ ಬರಹವೇ ಸೋರ್ಸ್ ಕೋಡ್, ಅರ್ಥಾತ್ ಮೂಲಲಿಪಿ. ಕಂಪೈಲರ್ ಇದನ್ನು ಸೊನ್ನೆ ಒಂದುಗಳ ಯಂತ್ರಭಾಷೆಗೆ ಇಳಿಸುತ್ತದೆ. ಇಂಟೆಲ್ ಸಂಸ್ಕಾರಕಕ್ಕೆಂದು ಇಳಿಸಿದ್ದು ಮೊಬೈಲಿನ ಆರ್ಮ್ ಸಂಸ್ಕಾರಕಕ್ಕೆ ತಿಳಿಯದು. ಒಂದು ಯಂತ್ರದ ಕ್ರಮವಿಧಿಯನ್ನು ಮತ್ತೊಂದಕ್ಕೆ ಹೊಂದಿಸುವುದೇ ಪೋರ್ಟಿಂಗ್. ಮೂಲಲಿಪಿಯು ಕೈಯಲ್ಲಿದ್ದರೆ ಇದು ಸಾಧ್ಯ. ಇಲ್ಲವಾದರೆ ಹಿಟ್ಟಿನಿಂದ ಜೋಳವನ್ನು ಮರಳಿ ಪಡೆಯುವಷ್ಟೇ ಕಷ್ಟ. ಆದುದರಿಂದಲೇ ಮಾರುವವರು ಮೂಲಲಿಪಿಯನ್ನು ಬಚ್ಚಿಟ್ಟು, ಯಂತ್ರಭಾಷೆಯ ಪ್ರತಿಯನ್ನು ಮಾತ್ರ ಕರಾರಿನೊಡನೆ ಕೊಡುತ್ತಾರೆ.

ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯು ಅಮೆರಿಕದಿಂದ ಇಂಥ ಸಿದ್ಧ ತಂತ್ರಾಂಶವನ್ನು ತರಿಸಿಕೊಂಡಿತು. ತೆತ್ತ ಹಣವು ಕೃತಿಸ್ವಾಮ್ಯದ ರಾಯಧನವೆಂದೂ, ಅದರಲ್ಲಿ ತೆರಿಗೆಯನ್ನು ಮುರಿದುಕೊಳ್ಳಬೇಕಿತ್ತೆಂದೂ ಆದಾಯತೆರಿಗೆ ಇಲಾಖೆಯು ವಾದಿಸಿತು. ತೆರಿಗೆಯ ವ್ಯಾಜ್ಯದಲ್ಲಿ ಭೌತಶಾಸ್ತ್ರದವನಿಗೇನು ಕೆಲಸವೆಂದು ವಾಚಕರು ಕೇಳಿಯಾರು. ಆದರೆ ಇಲ್ಲಿ ತೀರ್ಮಾನವಾಗಬೇಕಿದ್ದುದು ಕೊಂಡವನಿಗೆ ದೊರೆತುದು ಪ್ರತಿಯೋ ಕೃತಿಸ್ವಾಮ್ಯವೋ ಎಂಬುದೇ. 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇಲಾಖೆಯ ಪಕ್ಷವನ್ನು ಎತ್ತಿಹಿಡಿಯಿತು. 2021ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು: ಇಂಥ ಕರಾರು ಕೊಡುವುದು ಬಳಸುವ ಅನುಮತಿಯನ್ನು ಮಾತ್ರ, ಪ್ರತಿಗಳನ್ನು ಮಾಡಿ ಮಾರುವ, ಕೃತಿಯನ್ನು ರೂಪಾಂತರಿಸುವ ಸ್ವಾಮ್ಯಗಳು ಒಡೆಯನಲ್ಲಿಯೇ ಉಳಿಯುತ್ತವೆ, ಆದುದರಿಂದ ಅದು ರಾಯಧನವಲ್ಲ.

ಮೂಲಲಿಪಿಯನ್ನೇ ಕರಾರಿನ ಮೇಲೆ ಪಡೆದಾಗ ಜಗಳವು ಇನ್ನೂ ಜಟಿಲ. ಯುನಿಕ್ಸ್ ಕರಾರನ್ನು ಮುರಿದು ಐಬಿಎಂ ಸಂಸ್ಥೆಯು ಲಿಪಿಯನ್ನು ಲಿನಕ್ಸಿಗೆ ಕೊಟ್ಟಿತೆಂದು ಎಸ್‌ಸಿಒ ಸಂಸ್ಥೆಯು 2003ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿತು. 2010ರಲ್ಲಿ, ಬೇರೊಂದು ದಾವೆಯಲ್ಲಿ, ಯುನಿಕ್ಸಿನ ಕೃತಿಸ್ವಾಮ್ಯವು ನೊವೆಲ್ ಸಂಸ್ಥೆಯದೇ ಹೊರತು ಎಸ್‌ಸಿಒದ್ದಲ್ಲವೆಂದು ಜ್ಯೂರಿಯು ತೀರ್ಮಾನಿಸಿತು! ಐಬಿಎಂ ಮೇಲಿನ ದಾವೆಯಾದರೋ 2021ರವರೆಗೆ ಎಳೆದು, 1 ಕೋಟಿ 42 ಲಕ್ಷ 50 ಸಾವಿರ ಡಾಲರುಗಳ ರಾಜಿಯಲ್ಲಿ ಮುಗಿಯಿತು.

ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಕೊಂಡವನನ್ನು ಪೂರ್ತಿ ಬರಿಗೈಯಲ್ಲಿ ಬಿಟ್ಟಿಲ್ಲ. ನ್ಯಾಯವಾಗಿ ಪಡೆದ ಕ್ರಮವಿಧಿಯನ್ನು, ಅದನ್ನು ಒದಗಿಸಿದ ಉದ್ದೇಶಕ್ಕೆ ಬಳಸುವ ಸಲುವಾಗಿ, ನಕಲು ಮಾಡಿಕೊಳ್ಳಬಹುದು, ಹೊಂದಿಸಿಕೊಳ್ಳಲೂಬಹುದು; ಹಾನಿಯ ಭಯಕ್ಕೆ ತಾತ್ಕಾಲಿಕ ಪ್ರತಿಯೊಂದನ್ನು ಇಟ್ಟುಕೊಳ್ಳಬಹುದು. ಹಾಗೆ ಹೊಂದಿಸಿದುದನ್ನು ಪಕ್ಕದ ಅಂಗಡಿಗೆ ಮಾರಲು ಮಾತ್ರ ಒಡೆಯನ ಒಪ್ಪಿಗೆ ಬೇಕು.