ಬಂದೂಕು ಕೆಳಗಿಟ್ಟ ಮೇಲೆ ಮುಂದೇನು? ನೇಪಾಳದ ಮಾಜಿ ಬಂಡುಕೋರರ ಕಥೆ ಹೇಳುವುದೇನು?

ಬಂಡುಕೋರರು ಶಸ್ತ್ರ ಒಪ್ಪಿಸಿದರೆ ಸಂಘರ್ಷ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಅವರು ಯಾವ ಊರಿಗೆ ಮರಳಬೇಕು, ಹೊಟ್ಟೆಪಾಡಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಆಮೇಲೆ ಶುರುವಾಗುತ್ತದೆ. ಇದಕ್ಕೆ ನೆರೆಯ ನೇಪಾಳವೇ ಸಾಕ್ಷಿ.

ಏನಿದು ಹಿನ್ನೆಲೆ?

1996ರಲ್ಲಿ ಆರಂಭವಾದ ಮಾವೋವಾದಿ ಸಂಘರ್ಷದಲ್ಲಿ ಸುಮಾರು 17 ಸಾವಿರ ಮಂದಿ ಪ್ರಾಣ ಕಳೆದುಕೊಂಡರು. 2006ರ ನವೆಂಬರ್ 21ರಂದು ಸಮಗ್ರ ಶಾಂತಿ ಒಪ್ಪಂದವಾಯಿತು. ಮಾವೋವಾದಿ ಹೋರಾಟಗಾರರು 7 ಮುಖ್ಯ ಹಾಗೂ 21 ಉಪ ಶಿಬಿರಗಳಿಗೆ ಬಂದರು.

ಕೀಲಿಕೈ ಯಾರ ಬಳಿ ಇತ್ತು?

ಶಸ್ತ್ರಗಳನ್ನು ಕಂಟೇನರ್‌ಗಳಲ್ಲಿಟ್ಟು ಬೀಗ ಹಾಕಲಾಯಿತು. ನಿಗಾ ವಿಶ್ವಸಂಸ್ಥೆಯದು, ಕೀಲಿಕೈ ಮಾತ್ರ ಮಾವೋವಾದಿಗಳದು. ನೇಪಾಳ ಸೇನೆಯೂ ಅಷ್ಟೇ ಸಂಖ್ಯೆಯ ಶಸ್ತ್ರಗಳನ್ನು ಹೀಗೆಯೇ ಬೀಗದೊಳಗಿಟ್ಟಿತು. ಯಾರೂ ಸೋತು ಶರಣಾಗಿಲ್ಲ ಎಂಬ ಈ ವ್ಯವಸ್ಥೆಯೇ ಎರಡೂ ಕಡೆಯವರನ್ನು ಒಪ್ಪಿಸಿತು.

'ಅಯೋಗ್ಯ'ರಾದವರು ಯಾರು?

ವಿಶ್ವಸಂಸ್ಥೆಯ ಪರಿಶೀಲನೆಯಲ್ಲಿ 19,602 ಮಂದಿ ಹೋರಾಟಗಾರರೆಂದು ದೃಢಪಟ್ಟರು. 4,008 ಮಂದಿ ಅನರ್ಹರಾದರು. ಇವರಲ್ಲಿ 2,973 ಮಂದಿ ಬಾಲ ಸೈನಿಕರು; ಉಳಿದವರು ಕದನವಿರಾಮದ ನಂತರ ಸೇರಿದವರು. ನೇಪಾಳಿಯಲ್ಲಿ ಇವರಿಗೆ ಸಿಕ್ಕ ಹಣೆಪಟ್ಟಿ 'ಅಯೋಗ್ಯ'. ಈ ಪದ ಎಷ್ಟು ಚುಚ್ಚುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2010ರಲ್ಲಿ ಇವರನ್ನು ಶಿಬಿರಗಳಿಂದ ಕಳುಹಿಸಲಾಯಿತು. ಓದು, ತರಬೇತಿಯ ಅವಕಾಶ ಕೊಟ್ಟರೂ, ಉಳಿದವರಿಗೆ ನಂತರ ಸಿಕ್ಕಂತಹ ದೊಡ್ಡ ಮೊತ್ತ ಇವರಿಗೆ ಸಿಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಬಂದೂಕು ಹಿಡಿದವರು ಬಹುತೇಕ ಬರಿಗೈಯಲ್ಲಿ, ಅವಮಾನ ಹೊತ್ತು ಮನೆಗೆ ಮರಳಿದರು.

ಸೇನೆಗೆ ಸೇರಿದವರೆಷ್ಟು?

ಮಾಜಿ ಬಂಡುಕೋರರನ್ನು ಸೇನೆಗೆ ಸೇರಿಸಿಕೊಳ್ಳುವ ವಿಚಾರ ವರ್ಷಗಟ್ಟಲೆ ಕಗ್ಗಂಟಾಗಿತ್ತು. 2009ರಲ್ಲಿ ಸೇನಾ ಮುಖ್ಯಸ್ಥರ ವಜಾ ವಿವಾದದಲ್ಲಿ ಪ್ರಧಾನಿ ಪ್ರಚಂಡ ರಾಜೀನಾಮೆಯನ್ನೇ ಕೊಟ್ಟರು. ಕೊನೆಗೆ 2011ರ ನವೆಂಬರ್‌ನಲ್ಲಿ, ಗರಿಷ್ಠ 6,500 ಮಂದಿಯನ್ನು ಸೇರಿಸಿಕೊಳ್ಳಲು ಪಕ್ಷಗಳು ಒಪ್ಪಿದವು. ಆದರೆ ಸೇರಿದ್ದು ಸುಮಾರು 1,400 ಮಂದಿ ಮಾತ್ರ. 15 ಸಾವಿರಕ್ಕೂ ಹೆಚ್ಚು ಮಂದಿ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಪಡೆದು ಸ್ವಯಂ ನಿವೃತ್ತರಾದರು.

ತರಬೇತಿ ಸಹಿತ ಪುನರ್ವಸತಿ ಆಯ್ದುಕೊಂಡವರು ಎಷ್ಟು ಮಂದಿ ಗೊತ್ತೇ? ಕೇವಲ ಆರು! ಐದು ವರ್ಷ ಶಿಬಿರದಲ್ಲಿ ಕಾದು ಕುಳಿತವರು ಸರ್ಕಾರದ ಭರವಸೆಗಿಂತ ಕೈಗೆ ಬರುವ ಚೆಕ್ಕನ್ನೇ ನಂಬಿದರು.

ಭಾರತಕ್ಕೇನು ಪಾಠ?

ಛತ್ತೀಸ್‌ಗಢ, ಮಹಾರಾಷ್ಟ್ರ, ತೆಲಂಗಾಣದಲ್ಲೂ ನಕ್ಸಲರು ಶರಣಾಗುತ್ತಿದ್ದಾರೆ. ಇಲ್ಲೂ ಶರಣಾದವರಿಗೆ ನಗದು ನೆರವು, ತರಬೇತಿ ನೀಡುವ ಯೋಜನೆಗಳಿವೆ. ಎಷ್ಟು ಮಂದಿ ಶರಣಾದರು ಎಂಬ ಲೆಕ್ಕ ಅಂದೇ ಸಿಗುತ್ತದೆ. ಅವರಲ್ಲಿ ಎಷ್ಟು ಮಂದಿ ಐದು ವರ್ಷಗಳ ನಂತರವೂ ದುಡಿದು, ಊರಿನವರೊಂದಿಗೆ ಬದುಕುತ್ತಿದ್ದಾರೆ ಎಂಬ ಲೆಕ್ಕವನ್ನೂ ನಾವು ಕೇಳಬೇಕಿದೆ.