ದಮ್ಮು ಹತ್ತುವವರ ನಡಿಗೆಗೆ ಹಾಡಿನ ಜೊತೆ

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಎಷ್ಟೋ ಹಿರಿಯ ಬೆಳೆಗಾರರು ದರೆ ಹತ್ತಿ ಮೇಲಿನ ತೋಟಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ಕೇಳಿದರೆ "ವಯಸ್ಸಾಯಿತು, ದಮ್ಮು ಹತ್ತುತ್ತದೆ" ಎನ್ನುತ್ತಾರೆ. ಇದು ಬರಿಯ ವಯಸ್ಸಾಗಿರಲಾರದು. ವರ್ಷಗಟ್ಟಲೆ ಕೆಮ್ಮು, ಕಫ, ಏರಿನಲ್ಲಿ ಉಬ್ಬಸ ಇದ್ದರೆ ಅದು ಸಿ.ಒ.ಪಿ.ಡಿ. ಎಂಬ ಶ್ವಾಸಕೋಶದ ಕಾಯಿಲೆ ಇರಬಹುದು. ಊದುವ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ.

ಬೀಡಿ, ಸಿಗರೇಟು ಇದಕ್ಕೆ ಮುಖ್ಯ ಕಾರಣ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದೆ, ಒಲೆಯ ಹೊಗೆಯಿಂದ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳ ಲೆಕ್ಕ ಕೊಟ್ಟಿದೆ: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷದಿಂದ ಗುಣಿಸಿ. 60 ದಾಟಿದರೆ ಕಫದ ದೀರ್ಘ ಕಾಯಿಲೆಯ ಅಪಾಯ. ಅಂದರೆ ದಿನಕ್ಕೆ 3 ಗಂಟೆಯಂತೆ 20 ವರ್ಷ. ಅಡಿಗೆ ಒಲೆ, ಬಚ್ಚಲೊಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಎಲ್ಲ ಕೂಡಿಸಿದರೆ ನಮ್ಮ ಮನೆಗಳಲ್ಲಿ ಈ ಲೆಕ್ಕ ಬೇಗ ಭರ್ತಿಯಾಗುತ್ತದೆ.

ದಮ್ಮು ಹತ್ತುತ್ತದೆಂದು ಮನುಷ್ಯ ಕುಳಿತುಬಿಡುತ್ತಾನೆ. ಕುಳಿತಷ್ಟೂ ತೊಡೆ, ಮೀನಖಂಡಗಳ ಬಲ ಕುಂದುತ್ತದೆ. ಬಲಗುಂದಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ, ಆಗ ಜಗಲಿಯಿಂದ ಅಂಗಳಕ್ಕಿಳಿದರೂ ಏದುಸಿರು. ಆದುದರಿಂದಲೇ ವೈದ್ಯರು ಔಷಧಿಯ ಜೊತೆಗೆ ನಡಿಗೆ ಹೇಳುತ್ತಾರೆ. ಕೆಟ್ಟ ಶ್ವಾಸಕೋಶ ನಡಿಗೆಯಿಂದ ಸರಿಯಾಗದು, ಕಾಲುಗಳು ಸರಿಯಾಗುತ್ತವೆ. ಅಷ್ಟರಿಂದಲೇ ತೋಟದ ಅರ್ಧ ದಾರಿ ಮರಳಿ ಸಿಗುವುದುಂಟು.

ಕಷ್ಟವೆಂದರೆ ಬೇಸರ ಮತ್ತು ಹೆದರಿಕೆ. ನಡೆಯುವವನ ಗಮನವೆಲ್ಲ ತನ್ನ ಉಸಿರಿನ ಮೇಲೆಯೇ. ಹಾಡು ಇಲ್ಲಿ ನೆರವಿಗೆ ಬರುತ್ತದೆ. ಕಿವಿ ಹಾಡಿನ ಕಡೆ ಹೋದರೆ ಉಬ್ಬಸ ಕಡಿಮೆ ಎನಿಸುತ್ತದೆ, ಹೆಜ್ಜೆ ಮುಂದೆ ಹೋಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ರೋಗಿಗಳಿಗೆ ಮನೆಯಲ್ಲೇ ನಡೆಯಲು ಹೇಳಿ, ಅರ್ಧ ಜನರಿಗೆ ಮಾತ್ರ ಹಾಡಿನ ಕ್ಯಾಸೆಟ್ಟು ಕೊಟ್ಟಿದ್ದರು. 8 ವಾರಗಳ ನಂತರ ಹಾಡು ಕೇಳಿದವರು 6 ನಿಮಿಷದಲ್ಲಿ ಮೊದಲಿಗಿಂತ ಸರಾಸರಿ 445 ಅಡಿ ಹೆಚ್ಚು ನಡೆದರು. ಕೇಳದವರ ನಡಿಗೆ ಕುಗ್ಗಿತ್ತು. 24 ಜನ ಎಂಬುದು ಸಣ್ಣ ಲೆಕ್ಕವೇ ಸರಿ, ಆದರೆ ಮಾಡಿ ನೋಡಲು ಖರ್ಚೇನೂ ಇಲ್ಲ.

ಯಾವ ಹಾಡು? ನಿಮಗೆ ಇಷ್ಟವಾದದ್ದು. ತಾಳ ಒಂದೇ ಸಮನಾಗಿರುವ ಭಜನೆ, ಸಿನಿಮಾ ಹಾಡು ಹೆಜ್ಜೆಗೆ ಹೊಂದುತ್ತವೆ. ಯಕ್ಷಗಾನದ ಯುದ್ಧದ ಪದ ಬೇಡ. ಭಾಗವತರು ಕಾಲ ಏರಿಸಿದಂತೆ ನಿಮ್ಮ ಹೆಜ್ಜೆಯೂ ಏರೀತು! ತಾಳಮದ್ದಳೆ ಅಭಿಮಾನಿಗಳು ಕ್ಷಮಿಸಬೇಕು, ಅದನ್ನು ಕೂತೇ ಕೇಳತಕ್ಕದ್ದು. ಗಡಿಯಾರಕ್ಕೂ ಹಾಡೇ ಸಾಕು. ಒಂದು ಹಾಡು ಸುಮಾರು 4 ನಿಮಿಷ. ಮೊದಲ ವಾರ ಕಾಫಿ ಕಣದಲ್ಲೋ ಅಂಗಳದಲ್ಲೋ ಸಮತಟ್ಟಾದ ಕಡೆ ಒಂದು ಹಾಡಿನಷ್ಟು ನಡೆದು, ದಣಿವಾರಿಸಿಕೊಂಡು ಇನ್ನೊಂದು. ಸಲೀಸಾದ ಮೇಲೆ ಒಂದೊಂದೇ ಹಾಡು ಸೇರಿಸಿ. ಮೂಗಿನಿಂದ ಉಸಿರೆಳೆದು, ತುಟಿ ಕಿರಿದು ಮಾಡಿ ಊದಿದಂತೆ ನಿಧಾನವಾಗಿ ಬಿಡಿ.

ಹಾಡಿಗೆ ಒಂದು ಕೆಟ್ಟ ಗುಣವೂ ಇದೆ. ದಣಿವು ಮರೆಸುವ ಅದು ಅಪಾಯವನ್ನೂ ಮರೆಸಬಹುದು. ನಡೆಯುತ್ತ ಒಂದು ಸಣ್ಣ ವಾಕ್ಯವನ್ನಾದರೂ ಮಾತಾಡಲು ಆಗಬೇಕು, ಆಗದಿದ್ದರೆ ನಿಧಾನಿಸಿ. ಎದೆ ನೋವು, ತಲೆ ಸುತ್ತು, ತುಟಿ ನೀಲಿಯಾಗುವುದು ಕಂಡರೆ ನಿಂತು ಕೂಡಲೇ ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಇರುವವರು, ಆಮ್ಲಜನಕ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳಿಯೇ ಪ್ರಾರಂಭಿಸಬೇಕು. ಬರೆದುಕೊಟ್ಟ ಇನ್ಹೇಲರನ್ನು ಬಿಡಬಾರದು.

ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಘಾಟಿ ರಸ್ತೆಯಲ್ಲೋ ತೋಟದ ಅಂಚಿನಲ್ಲೋ ನಡೆಯಬೇಡಿ. ಲಾರಿಯ ಹಾರನ್ನೂ ಕೇಳಿಸದು, ಕಾಡುಕೋಣ ಬಂದರೂ ತಿಳಿಯದು. ಜೇಬಿನಲ್ಲಿ ಮೊಬೈಲನ್ನೋ ಸಣ್ಣ ರೇಡಿಯೋವನ್ನೋ ಹಚ್ಚಿಟ್ಟುಕೊಂಡರೆ ಸಾಕು. ಮಳೆ ಹಿಡಿದಾಗ ಜಗಲಿಯ ಉದ್ದಕ್ಕೆ ನಡೆಯಬಹುದು, ಒಲೆ ಉರಿಯುವ ಹೊತ್ತು ಬಿಟ್ಟು.